ಖಾಲಿ ಡಬ್ಬಿಯ ಲೆಕ್ಕ

ಲೆಕ್ಕದಲ್ಲಿ ನಾನು ಮೊದಲಿನಿಂದಲೂ ದಡ್ಡಿ. ಮನೆಯ ಸಮಾರಂಭದಲ್ಲಿ ಊಟದ ಎಲೆ ಎಣಿಸಲು ನನ್ನನ್ನು ಕೂರಿಸಿದರೆ ಮೂರು ಸಲ ಎಣಿಸಿ ಮೂರು ಸಂಖ್ಯೆ ಹೇಳುತ್ತೇನೆ. ಕೊನೆಗೆ ಯಾರೋ ಪುಣ್ಯಾತ್ಮರು ಬಂದು ಎಲೆಯ ಕಟ್ಟನ್ನು ನನ್ನ ಕೈಯಿಂದ ಕಿತ್ತುಕೊಂಡು ಹೋಗುತ್ತಾರೆ. ಇಂಥವಳು ಒಂದು ಕಾಲದಲ್ಲಿ ಎಣಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ ಎಂದರೆ ನೀವು ನಗುತ್ತೀರಿ. ಏನನ್ನು ಎಣಿಸುತ್ತಿದ್ದೆ ಎಂದು ಹೇಳಿದರೆ ಇನ್ನೂ ಜೋರಾಗಿ ನಗುತ್ತೀರಿ. ಹುಲ್ಲಿನಲ್ಲಿರುವ ಹುಳುಗಳನ್ನು.

ಎಪ್ಪತ್ತರ ದಶಕದ ಕೊನೆಯ ಮಾತು. ಎಂ.ಎಸ್ಸಿ. ಮುಗಿಸಿ ಕೋಲಾರದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಬೆಂಗಳೂರಿನ ಪ್ರೊಫೆಸರೊಬ್ಬರು ನನಗೆ ಒಂದು ವರ್ಷದ ತಾತ್ಕಾಲಿಕ ಕೆಲಸ ಕೊಟ್ಟರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೊಂದು ಗೋಮಾಳ ಆರಿಸಿಕೊಂಡು ಅಲ್ಲಿನ ಹುಲ್ಲಿನಲ್ಲಿ ಯಾವ ಹುಳು ಎಷ್ಟಿವೆ ಎಂದು ಬರೆಯಬೇಕು. ಅದಕ್ಕಿಂತ ಮುಖ್ಯವಾಗಿ, ಹುಳು ಹಿಡಿದು ಎಣಿಸುವ ವಿಧಾನಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಹೇಳಬೇಕು. "ಹುಳ ಎಣಿಸೋದು ಯಾರು ಬೇಕಾದ್ರೂ ಮಾಡ್ತಾರಮ್ಮ. ಆ ಎಣಿಕೆ ನಂಬಬಹುದಾ ಅಂತ ಹೇಳೋದು ನಿನ್ನ ಕೆಲಸ" ಎಂದರು ಪ್ರೊಫೆಸರ್. ವರ್ಷದ ಕೊನೆಗೆ ಲೆಕ್ಕ ನಂಬುವಂತಿದ್ದರೆ ಕೆಲಸ ಮುಂದುವರಿಯುತ್ತದೆ, ಪಿಎಚ್.ಡಿ.ಗೂ ಸೇರಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಅತ್ತೆಯ ಮನೆಯ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುವುದು. ಅವರೆಕಾಯಿಯ ಮೇಲೆ ನನಗೆ ದ್ವೇಷವಿರಲಿಲ್ಲ. ಆದರೆ ಆ ಕೆಲಸ ನನಗೆ ಎಷ್ಟು ಬೇಕಾಗಿತ್ತು ಎಂದರೆ, ಬೆಳಿಗ್ಗೆ ದೇವರಿಗೆ ಕೈಮುಗಿಯುವಾಗ ಆರೋಗ್ಯ ಭಾಗ್ಯ ಎಲ್ಲ ಬಿಟ್ಟು ಮಿಡತೆ ಕೊಡಪ್ಪಾ ಎಂದು ಕೇಳಿಕೊಳ್ಳುತ್ತಿದ್ದೆ.

ನನ್ನ ಬಳಿ ಮೂರು ವಿಧಾನಗಳಿದ್ದವು. ಮೊದಲನೆಯದು ಬಲೆ. ಕಬ್ಬಿಣದ ಬಳೆಗೆ ಗಾಡಾ ಬಟ್ಟೆಯ ಉದ್ದನೆಯ ಚೀಲ ಹೊಲಿದು, ಕೋಲು ಸಿಕ್ಕಿಸಿ, ಹುಲ್ಲಿನ ಮೇಲೆ ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯುವುದು. ಐವತ್ತು ಬೀಸಿಗೆ ಒಂದು ಲೆಕ್ಕ. ಚೀಲ ಹೊಲಿಸಲು ಹೋದಾಗ ನಮ್ಮ ಬೀದಿಯ ದರ್ಜಿ ಬಟ್ಟೆಯನ್ನು ಹಿಡಿದು ನೋಡಿ, "ಯಾರ್ ಮದ್ವೆ ಅಮ್ಮಾ? ಇಷ್ಟ್ ದೊಡ್ಡ ಕಾಫಿ ಸೋಸೋ ಚೀಲ ಅಂದ್ರೆ ಐನೂರು ಜನಕ್ಕೇನೂ ಕಮ್ಮಿ ಇಲ್ಲ" ಎಂದರು. ಹುಳ ಹಿಡಿಯೋಕೆ ಎಂದೆ. ಆಮೇಲೆ ಅವರು ನನ್ನ ಮುಖವನ್ನೇ ನೋಡಲಿಲ್ಲ. ಪಾಪ, ಅತ್ತೆಗೆ ಮಾತ್ರ ಬೇರೆಯಾಗಿ ಹೇಳಿಕಳಿಸಿದರಂತೆ, ಹುಡುಗಿಗೆ ಓದಿ ಓದಿ ತಲೆಗೆ ಏನೋ ಆಗಿದೆ, ಸ್ವಲ್ಪ ಎಣ್ಣೆ ತಟ್ಟಿ ಎಂದು.

ಬಲೆಯ ಕಷ್ಟವೇನೆಂದರೆ, ಹುಲ್ಲಿನ ತುದಿಯಲ್ಲಿ ಕೂತವರು ಮಾತ್ರ ಅದಕ್ಕೆ ಸಿಗುತ್ತಾರೆ. ಬುಡದಲ್ಲಿರುವವರು ಸಿಗುವುದಿಲ್ಲ. ಬೆಳಿಗ್ಗೆ ಇಬ್ಬನಿ ಇದ್ದರೆ ಬಟ್ಟೆ ಒದ್ದೆಯಾಗಿ ಬೀಸಲಾಗುವುದಿಲ್ಲ, ಬಿಸಿಲೇರಿದ ಮೇಲೆ ಹುಳುಗಳು ನೆರಳಿಗೆ ಇಳಿದುಬಿಡುತ್ತವೆ. ಇವೆರಡರ ನಡುವಿನ ಹೊತ್ತಿಗೆ ಬಸ್ಸು ಬರಬೇಕು, ಅದು ಬರುವುದಿಲ್ಲ. ಇನ್ನು ಬೀಸುವ ಕೈ. ನನ್ನ ಬಲಗೈ ನೋಯುತ್ತಿದ್ದ ದಿನ ಇಡೀ ಕೋಲಾರ ಜಿಲ್ಲೆಯಲ್ಲಿ ಹುಳುಗಳು ಕಡಿಮೆ.

ಎರಡನೆಯದು ಚೌಕಟ್ಟು. ಒಂದು ಮೀಟರಿನ ಚೌಕಟ್ಟನ್ನು ಕಣ್ಣು ಮುಚ್ಚಿ ಎಸೆದು, ಅದು ಬಿದ್ದ ಜಾಗದಲ್ಲಿ ಮಂಡಿಯೂರಿ ಹುಲ್ಲಿನ ಎಳೆ ಎಳೆ ಬಿಡಿಸಿ ಹುಡುಕುವುದು. ಕಣ್ಣು ಮುಚ್ಚುವುದು ಪಕ್ಷಪಾತ ಬರದಿರಲಿ ಎಂದು. ಆದರೆ ಮನುಷ್ಯನ ಕೈಗೂ ಕಣ್ಣಿರುತ್ತದೆ ನೋಡಿ. ಎರಡು ತಿಂಗಳಾದ ಮೇಲೆ ಪುಸ್ತಕ ತಿರುವಿ ನೋಡಿದರೆ, ನನ್ನ ಚೌಕಟ್ಟು ಒಂದು ಸಲವೂ ಜಾಲಿಮುಳ್ಳಿನ ಮೇಲೆ ಬಿದ್ದಿರಲಿಲ್ಲ, ಸಗಣಿಯ ಮೇಲಂತೂ ಬಿದ್ದೇ ಇರಲಿಲ್ಲ. ಹೀಗಾಗಿ ಸಗಣಿಯನ್ನೇ ಲೋಕ ಮಾಡಿಕೊಂಡಿರುವ ದೊಡ್ಡದೊಂದು ಹುಳುಗಳ ಕುಲ ನನ್ನ ಲೆಕ್ಕದ ಪ್ರಕಾರ ಭೂಮಿಯ ಮೇಲೆ ಇರಲೇ ಇಲ್ಲ.

ಮೂರನೆಯದು ಡಬ್ಬಿ. ಕತೆ ನಡೆಯುವುದು ಇದರಲ್ಲಿ, ಆದ್ದರಿಂದ ಸ್ವಲ್ಪ ಗಮನ ಕೊಡಿ. ಖಾಲಿ ವನಸ್ಪತಿ ಡಬ್ಬಿಗಳನ್ನು ಬಾಯಿ ನೆಲಕ್ಕೆ ಸಮವಾಗುವಂತೆ ಹೂಳಬೇಕು. ಒಳಗೆ ಎರಡು ಬೆರಳು ಸೋಪಿನ ನೀರು, ಮೇಲೆ ಮಳೆ ಬೀಳದ ಹಾಗೆ ಮೂರು ಕಲ್ಲಿನ ಮೇಲೊಂದು ಹೆಂಚಿನ ಚೂರು. ಎರಡು ದಿನ ಬಿಟ್ಟು ಬಂದು ನೋಡಿದರೆ, ನೆಲದ ಮೇಲೆ ಓಡಾಡುವ ಇರುವೆ, ಜೀರುಂಡೆ, ಚಿಮ್ಮಂಡೆಗಳು ಕಾಲು ಜಾರಿ ಬಿದ್ದಿರುತ್ತವೆ. ಒಂದು ಗೋಮಾಳಕ್ಕೆ ಹನ್ನೆರಡು ಡಬ್ಬಿ. ಬಲೆಗೆ ಕೈನೋವಿದೆ, ಚೌಕಟ್ಟಿಗೆ ಮುಳ್ಳಿನ ಭಯವಿದೆ, ಡಬ್ಬಿಗೆ ಏನಿದೆ? ಅದು ಸುಮ್ಮನೆ ಬಾಯಿ ತೆರೆದುಕೊಂಡು ಕೂತಿರುತ್ತದೆ. ಮೂರರಲ್ಲಿ ಇದೇ ಪ್ರಾಮಾಣಿಕ ವಿಧಾನ ಎಂದು ಮೊದಲ ವರದಿಯಲ್ಲೇ ಬರೆದೆ. ಬರೆಯುವಾಗ ನನಗೆ ಇಪ್ಪತ್ಮೂರು ವರ್ಷ. ಆ ವಯಸ್ಸಿನಲ್ಲಿ ಏನು ಬೇಕಾದರೂ ಬರೆಯಬಹುದು.

ಅಲ್ಪಸ್ವಲ್ಪ ನೋಡಿ ಪೂರ್ತಿ ತಿಳಿಯುವುದು ನಮ್ಮ ಸೀಮೆಗೇನೂ ಹೊಸದಲ್ಲ. ಶ್ರೀನಿವಾಸಪುರದ ಮಂಡಿಯಲ್ಲಿ ಮಾವಿನಹಣ್ಣಿನ ಬುಟ್ಟಿ ನೋಡುವವರು ಮೇಲಿನ ಹಣ್ಣನ್ನು ಮುಟ್ಟುವುದೇ ಇಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು, ಪಕ್ಕದಿಂದ ಒಂದು ಎಳೆದು ಮೂಸುತ್ತಾರೆ. ಮಾರುವವರೂ ಕಡಿಮೆಯಿಲ್ಲ, ಕೈ ಎಲ್ಲಿಗೆ ಹೋಗುತ್ತದೆಂದು ಗೊತ್ತಿದ್ದು ಅಲ್ಲೊಂದು ಒಳ್ಳೆಯ ಹಣ್ಣು ಇಟ್ಟಿರುತ್ತಾರೆ. ಮಾಲೂರಿನ ಕಡೆ ಹೋದಾಗ ಶಿವಾರಪಟ್ಟಣದ ಶಿಲ್ಪಿಯೊಬ್ಬರು ನೀರು ಕುಡಿಯಲು ಕೊಟ್ಟು, ನನ್ನ ಸಾಮಾನುಗಳನ್ನೆಲ್ಲ ಕುತೂಹಲದಿಂದ ನೋಡಿದರು. ವಿಗ್ರಹಕ್ಕೆ ಕಲ್ಲು ಆರಿಸುವಾಗ ಅವರು ಸಣ್ಣ ಸುತ್ತಿಗೆಯಿಂದ ಏಳೆಂಟು ಕಡೆ ತಟ್ಟಿ ಕಿವಿಗೊಡುತ್ತಾರೆ. ಗಂಟೆಯ ದನಿ ಬಂದರೆ ಗಂಡು ಶಿಲೆ, ತಾಳದ ದನಿ ಬಂದರೆ ಹೆಣ್ಣು ಶಿಲೆ, ಎರಡೂ ಇಲ್ಲದೆ ಮಂಕಾಗಿದ್ದರೆ ಅದು ವಿಗ್ರಹಕ್ಕಾಗುವುದಿಲ್ಲ, ಮೆಟ್ಟಿಲಿಗೆ. ಒಳಗೆ ಬಿರುಕು ಇದ್ದು ತಟ್ಟಿದ ಕಡೆ ಕೇಳದೆ ಹೋದರೆ ಏನು ಮಾಡುತ್ತೀರಿ ಎಂದೆ. "ಮೂಗು ಕೆತ್ತೋವಾಗ ಗೊತ್ತಾಗ್ತದೆ ಬಿಡಮ್ಮ" ಎಂದರು ನಗುತ್ತ. ಮೂಗಿನವರೆಗೂ ಕಾಯಬೇಕು ಎನ್ನುವುದು ಆಗ ನನಗೆ ಅರ್ಥವಾಗಲಿಲ್ಲ.

ನನ್ನ ಕೋಲಾರದ ಗೋಮಾಳ ಇದ್ದದ್ದು ಹುತ್ತೂರಿನ ಕಡೆ. ಸುತ್ತ ರಾಗಿ ಹೊಲ, ಹಿಪ್ಪುನೇರಳೆ ತೋಟ, ನಡುವೆ ಈ ಹುಲ್ಲಿನ ದಿಣ್ಣೆ, ಅದರ ಅಂಚಿಗೊಂದು ಹುಣಸೆ ಮರ. ಅಲ್ಲಿ ಅಕ್ಕಯ್ಯಮ್ಮ ಸಿಕ್ಕಿದರು. ವಯಸ್ಸು ಐವತ್ತೈದಿರಬಹುದು. ಮನೆಯಲ್ಲಿ ಮಗ, ಸೊಸೆ, ಒಂದು ಅಂಕಣ ತುಂಬ ರೇಷ್ಮೆಹುಳುವಿನ ತಟ್ಟೆಗಳು. ಅಕ್ಕಯ್ಯಮ್ಮ ದಿನಾ ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಬಂದು ಹುಲ್ಲು ಕೊಯ್ಯುತ್ತಿದ್ದರು. ಮನುಷ್ಯರ ಜೊತೆ ಕನ್ನಡ, ಎಮ್ಮೆಯ ಜೊತೆ ತೆಲುಗು. "ಎಕ್ಕಡಿಕಿ ಪೋತಾವೇ, ಇಟ್ಲ ರಾವೇ" ಎಂದು, ಅತ್ತ ಹೊರಟ ಎಮ್ಮೆಯನ್ನು ಇತ್ತ ಬಾ ಎಂದು ಗದರಿಸಿದವರೇ ನನ್ನ ಕಡೆ ತಿರುಗಿ, "ಅಮ್ಮಣ್ಣೀ, ಬಿಸ್ಲಲ್ಲಿ ಯಾಕಿಂಗೆ ಕುಣೀತಾ ಇದೀಯ?" ಎಂದರು. ಅದು ನನ್ನ ಬಲೆ ಬೀಸುವ ವಿಜ್ಞಾನದ ಬಗ್ಗೆ ಬಂದ ಮೊದಲ ವಿಮರ್ಶೆ.

ನಾನು ವಿವರಿಸಿದೆ. ಅವರು ಕುಡುಗೋಲು ಕೆಳಗಿಟ್ಟು ಕೇಳಿದರು, ನಗಲಿಲ್ಲ. ಅಷ್ಟಕ್ಕೇ ನನಗೆ ಅವರ ಮೇಲೆ ಪ್ರಾಣ. ಆಮೇಲೆ ಗೊತ್ತಾಯಿತು, ಆ ಹುಲ್ಲಿನ ವಿಚಾರ ನನಗಿಂತ ಅವರಿಗೆ ನೂರುಪಾಲು ಚೆನ್ನಾಗಿ ಗೊತ್ತು. ಯಾವ ಹೊತ್ತಿಗೆ ಮಿಡತೆ ತುದಿಗೆ ಬರುತ್ತದೆ, ಯಾವಾಗ ಬುಡಕ್ಕೆ ಇಳಿಯುತ್ತದೆ, ಗಾಳಿ ಎದ್ದರೆ ಎತ್ತ ಸರಿಯುತ್ತದೆ, ಎಲ್ಲ ಹೇಳುತ್ತಿದ್ದರು. ಮೊದಲ ಮಳೆಗೆ ನೆಲದಿಂದ ಎದ್ದು ಬರುವ ಕೆಂಪು ಮಖಮಲ್ ಹುಳುವನ್ನು ಅವರು ಆರುದ್ರ ಪುರುಗು ಎನ್ನುತ್ತಿದ್ದರು, ಅದು ಕಂಡ ಮೇಲೆಯೇ ರಾಗಿಯ ಮಾತು. ಅದಕ್ಕೆ ಎಂಟು ಕಾಲು, ಹಾಗಾಗಿ ಅದು ಕೀಟವಲ್ಲ, ನನ್ನ ಲೆಕ್ಕಕ್ಕೆ ಬರುವುದಿಲ್ಲ ಎಂದೆ. ಅಕ್ಕಯ್ಯಮ್ಮನಿಗೆ ಬಹಳ ಬೇಜಾರಾಯಿತು. "ಎರಡು ಕಾಲು ಜಾಸ್ತಿ ಇದ್ರೆ ಬ್ಯಾಡ ಅಂತೀರಾ? ಇದ್ಯಾವ ನ್ಯಾಯ ಕಣಮ್ಮಾ!" ಎಂದರು.

ಜೂನ್, ಜುಲೈಯಲ್ಲಿ ಡಬ್ಬಿಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ಬೀಳಲಿಲ್ಲ. ಒಂದು ದಿನ ಹನ್ನೆರಡರಲ್ಲಿ ಏಳು ಖಾಲಿ. ಮೇಲಾಗಿ ಅವತ್ತೇ ಜಾಲಿಮುಳ್ಳು ಚಪ್ಪಲಿ ತೂರಿ ಅಂಗಾಲಿಗೆ ಹೊಕ್ಕಿತ್ತು. ಹುಣಸೆ ಮರದ ಕೆಳಗೆ ಕೂತು ಮುಳ್ಳು ತೆಗೆಯುತ್ತ, ಅಕ್ಕಯ್ಯಮ್ಮನ ಎದುರಿಗೆ ಸಣ್ಣ ಮಕ್ಕಳ ಹಾಗೆ ಅತ್ತುಬಿಟ್ಟೆ. "ಡಬ್ಬಿ ಹಿಂಗೇ ಖಾಲಿ ಇದ್ರೆ ನನ್ನ ಕೆಲ್ಸ ಹೋದಂಗೇ ಅಕ್ಕಯ್ಯಮ್ಮಾ" ಎಂದೆ. ಅವರು ಸೆರಗಿನ ತುದಿಯಿಂದ ನನ್ನ ಕಾಲಿನ ರಕ್ತ ಒರೆಸಿದರು.

ಆಗಸ್ಟಿನಿಂದ ನನ್ನ ಅದೃಷ್ಟ ತಿರುಗಿತು. ಹುತ್ತೂರಿನ ಡಬ್ಬಿಗಳಲ್ಲಿ ಮಿಡತೆಗಳು ಬೀಳತೊಡಗಿದವು. ಒಂದೊಂದರಲ್ಲಿ ಎರಡು, ಮೂರು. ಹಾರುವ ಮಿಡತೆ ನೆಲದ ಡಬ್ಬಿಗೆ ಅಷ್ಟಾಗಿ ಬೀಳುವುದಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ನಾನು ಪುಸ್ತಕಗಳನ್ನೇ ತಿದ್ದಲು ಹೊರಟೆ. ಇನ್ನೊಂದು ವಿಚಿತ್ರ ಕಂಡಿತು. ಹಾಗೆ ಬಿದ್ದ ಮಿಡತೆಗಳಲ್ಲಿ ಬಹುಪಾಲಿಗೆ ಹಿಂದಿನ ಒಂದು ಕಾಲು ಇರಲಿಲ್ಲ. ಇದರ ಮೇಲೆ ನಾನು ಎರಡು ಪುಟ ಬರೆದೆ. ಓತಿಕ್ಯಾತಗಳ ಬಾಯಿಂದ ಕಾಲು ಬಿಟ್ಟು ತಪ್ಪಿಸಿಕೊಂಡ ಮಿಡತೆಗಳು ಹಾರಲಾರದೆ ತೆವಳಿ ಬಂದು ಡಬ್ಬಿಗೆ ಬೀಳುತ್ತವೆ ಎಂಬ ಸಿದ್ಧಾಂತ. ಪ್ರೊಫೆಸರ್ ಆ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಕುತೂಹಲಕರ' ಎಂದು ಬರೆದರು. ಅವರು ಇನ್ನೊಬ್ಬರ ಕೆಲಸದ ಬಗ್ಗೆ ಬರೆದ ಅತ್ಯಂತ ದೊಡ್ಡ ಹೊಗಳಿಕೆ ಅದು ಎಂದು ಹಿರಿಯ ವಿದ್ಯಾರ್ಥಿಗಳು ಹೇಳಿದರು. ಅಂದು ಬೆಂಗಳೂರಿನಿಂದ ಕೋಲಾರದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ, ನಿಂತಿದ್ದೇನೆ ಎಂದು ತಿಳಿಯಲೇ ಇಲ್ಲ.

ಅಕ್ಟೋಬರಿನಲ್ಲಿ ಮೂರು ದಿನ ಜಡಿಮಳೆ. ಮಳೆ ಬಿಟ್ಟ ಬೆಳಿಗ್ಗೆ ಹೋಗಿ ಹೆಂಚು ಸರಿಸುತ್ತ ಬಂದೆ. ಒಂದರಿಂದ ನಾಲ್ಕರವರೆಗೆ ಬರೀ ನೀರು. ಐದನೆಯ ಡಬ್ಬಿಯಲ್ಲಿ ಎರಡು ರೇಷ್ಮೆಹುಳುಗಳಿದ್ದವು.

ರೇಷ್ಮೆಹುಳು ಗೊತ್ತಲ್ಲ ನಿಮಗೆ? ಬೆಳ್ಳಗೆ, ದುಂಡಗೆ, ಕಿರುಬೆರಳಿನಷ್ಟು ಇರುತ್ತದೆ. ಸಾವಿರಾರು ವರ್ಷ ಮನುಷ್ಯರ ಮನೆಯಲ್ಲಿ ಸೊಪ್ಪು ತಿಂದು ತಿಂದು ಅದಕ್ಕೆ ಹೊರಗಿನ ಬದುಕೇ ಮರೆತುಹೋಗಿದೆ. ತಟ್ಟೆಗೆ ಅಂಚು ಇಲ್ಲದಿದ್ದರೂ ಅದು ಬಿಟ್ಟು ಹೋಗುವುದಿಲ್ಲ, ಸೊಪ್ಪು ಒಂದು ಗೇಣು ದೂರ ಇಟ್ಟರೆ ಹಸಿದುಕೊಂಡಿರುತ್ತದೆಯೇ ಹೊರತು ಹುಡುಕಿಕೊಂಡು ಹೊರಡುವುದಿಲ್ಲ. ಅಂಥದ್ದು ಊರು ಬಿಟ್ಟು, ರಾಗಿ ಹೊಲ ದಾಟಿ, ದಿಣ್ಣೆ ಹತ್ತಿ, ಜೋಡಿಯಾಗಿ ಬಂದು ನನ್ನ ಐದನೆಯ ಡಬ್ಬಿಗೆ ಬೀಳಬೇಕಾದರೆ! ಮೊದಲು ಜೋರಾಗಿ ನಕ್ಕೆ. ನಗು ಇನ್ನೂ ಬಾಯಲ್ಲಿರುವಾಗಲೇ ಒಂದು ಕಾಲಿಲ್ಲದ ಮಿಡತೆಗಳು ನೆನಪಾದವು. ಹಾರಿಹೋಗುವ ಮಿಡತೆಯನ್ನು ಹಿಡಿಯುವವರು ಎಲ್ಲಿ ಹಿಡಿಯುತ್ತಾರೆ? ಹಿಂಗಾಲಿಗೆ. ಹಿಡಿದ ಕಾಲನ್ನು ಬಿಟ್ಟುಕೊಟ್ಟು ಅದು ಕೊಸರಿಕೊಳ್ಳುತ್ತದೆ. ನನ್ನ ಓತಿಕ್ಯಾತದ ಹೆಸರು ಅಕ್ಕಯ್ಯಮ್ಮ.

ಹುಣಸೆ ಮರದ ಕೆಳಗೆ ಅವರು ಹುಲ್ಲಿನ ಹೊರೆ ಕಟ್ಟುತ್ತಿದ್ದರು. ಅಂಗೈಯಲ್ಲಿ ಆ ಎರಡು ಹುಳುಗಳನ್ನು ಇಟ್ಟುಕೊಂಡು ಹೋಗಿ ನಿಂತೆ. ನಾನು ಬಾಯಿ ಬಿಡುವ ಮೊದಲೇ ಅವರೇ ಹೇಳಿದರು.

"ಮಳೆ ಕಣಮ್ಮಣ್ಣೀ. ಒಂದು ಮಿಡ್ತೆನೂ ಕೈಗೆ ಸಿಗ್ಲಿಲ್ಲ. ಅದಕ್ಕೇ ಮನೆಯಿಂದ ಎರಡು ತಂದ್ಹಾಕ್ದೆ. ಒಳ್ಳೇವನ್ನೇ ಹಾಕಿದೀನಿ, ಹಣ್ಣಾಗಿದ್ವು, ನಾಳೆಗೆ ಗೂಡು ಕಟ್ತಿದ್ವು."

"ಯಾಕೆ ಹಾಕಿದ್ರಿ ಅಕ್ಕಯ್ಯಮ್ಮಾ?"

ಅವರು ನನ್ನನ್ನು ನೋಡಿದ ರೀತಿ ಇವತ್ತಿಗೂ ಕಣ್ಣಮುಂದಿದೆ. ಇದೂ ಕೇಳುವ ಮಾತಾ ಎಂಬಂತೆ. "ನಮ್ ಜಾಗಕ್ಕೆ ಡಬ್ಬಿ ತಂದು ಇಟ್ಟಿದೀಯ. ಖಾಲಿ ಹೆಂಗಮ್ಮಾ ವಾಪಸ್ ಕಳಿಸೋದು?"

ನಮ್ಮ ಕಡೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಮನೆಯಿಂದ ಪಾತ್ರೆಯಲ್ಲಿ ಏನಾದರೂ ಬಂದರೆ, ಆ ಪಾತ್ರೆಯನ್ನು ತೊಳೆದು ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಸಕ್ಕರೆ, ನಾಲ್ಕು ಹಸಿಮೆಣಸಿನಕಾಯಿ, ಏನೂ ಇಲ್ಲದಿದ್ದರೆ ಒಂದು ಹೂವನ್ನಾದರೂ ಹಾಕಿಯೇ ಕೊಡುತ್ತಾರೆ. ನಾನು ಹನ್ನೆರಡು ಡಬ್ಬಿಗಳನ್ನು ತಂದು ಅವರ ಗೋಮಾಳದಲ್ಲಿ ಬಾಯಿ ತೆರೆದು ಇಟ್ಟು, ಖಾಲಿ ಖಾಲಿ ಎಂದು ಅತ್ತಿದ್ದೆ. ಪುಸ್ತಕಗಳಲ್ಲಿ ಡಬ್ಬಿಯ ದೋಷಗಳೆಂದು ಎಷ್ಟೋ ಬರೆದಿದ್ದಾರೆ. ಮಳೆ ನೀರು ತುಂಬುತ್ತದೆ, ಕಪ್ಪೆ ಬಂದು ತಿಂದುಹೋಗುತ್ತದೆ, ದನ ತುಳಿಯುತ್ತದೆ. ಖಾಲಿ ಡಬ್ಬಿಯನ್ನು ಕಂಡರೆ ಕರುಳು ಚುರುಕ್ ಎನ್ನುವ ಹೆಂಗಸರಿರುತ್ತಾರೆ ಎಂದು ಯಾರೂ ಬರೆದಿಲ್ಲ.

"ಯಾವಾಗಿಂದ ಹಾಕ್ತಾ ಇದೀರಿ?" ಎಂದು ಕೇಳಿದೆ. ಅದೊಂದು ಗೊತ್ತಾದರೆ ಅದಕ್ಕೆ ಹಿಂದಿನ ಲೆಕ್ಕವನ್ನಾದರೂ ಉಳಿಸಿಕೊಳ್ಳಬಹುದು ಎಂಬ ಆಸೆ. ಅಕ್ಕಯ್ಯಮ್ಮ ಸ್ವಲ್ಪ ಯೋಚಿಸಿ, "ನಿನ್ ಕಾಲಿಗೆ ಮುಳ್ಳು ಚುಚ್ಕೊಂಡು ಅತ್ತ್ಯಲ್ಲ, ಅವತ್ತಿಂದ" ಎಂದರು. ಆಮೇಲೆ ನನ್ನ ಮುಖ ನೋಡಿ ಅವರ ಮುಖ ಸಣ್ಣದಾಯಿತು. "ಯಾಕಮ್ಮಣ್ಣೀ, ನಿನ್ ಕೆಲ್ಸ ಕೆಡಿಸ್ದೆನಾ ನಾನು?"

"ಇಲ್ಲ, ಇಲ್ಲ. ಸುಮ್ನೆ ಕೇಳ್ದೆ" ಎಂದೆ.

ಅವತ್ತು ರಾತ್ರಿಯ ಊಟ ನನಗೆ ಇಳಿಯಲಿಲ್ಲ. ಅತ್ತೆ ಏನೆಂದು ಕೇಳಿದರು, ಎಲ್ಲ ಹೇಳಿದೆ. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ರೇಷ್ಮೆಹುಳುಗಳನ್ನು ಎಸೆದರಾಯಿತು, ಲೆಕ್ಕ ಕೆಂಪು ಶಾಯಿಯ ಸಮೇತ ಉಳಿಯುತ್ತದೆ, ಕೆಲಸವೂ ಉಳಿಯುತ್ತದೆ ಎಂದೂ ಹೇಳಿದೆ. ಅತ್ತೆ ಕೇಳಿದ್ದು ಒಂದೇ. "ಆಯಮ್ಮ ಹಾಕಿದ ಹುಳ ಇದು, ಇದು ತಾನಾಗಿ ಬಿದ್ದ ಹುಳ ಅಂತ ನಿನಗಾದ್ರೂ ಬೇರೆ ಮಾಡಕ್ಕಾಗುತ್ತೇನೆ?" ಆಗುವುದಿಲ್ಲ ಎಂದೆ. "ಮತ್ತೆ?" ಎಂದು ಎದ್ದು ತಟ್ಟೆ ತೆಗೆದರು.

ಮಾರನೆಯ ದಿನ ಬೆಂಗಳೂರಿಗೆ ಹೋಗಿ ಪ್ರೊಫೆಸರಿಗೆ ಹೇಳಿದೆ. ಮೇಜಿನ ಮೇಲೆ ಸಣ್ಣ ಸೀಸೆಯಲ್ಲಿ ಆ ಎರಡು ಹುಳುಗಳು. ಅವರು ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮುಳ್ಳು ಚುಚ್ಚಿದ ದಿನದ ತಾರೀಕು ನನ್ನ ಟಿಪ್ಪಣಿ ಪುಸ್ತಕದಲ್ಲಿದೆ, ಅದಕ್ಕೆ ಹಿಂದಿನ ಡಬ್ಬಿಗಳ ಲೆಕ್ಕ ಶುದ್ಧವಾಗಿದೆ, ಅದನ್ನು ಇಟ್ಟುಕೊಳ್ಳಬಹುದು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನ ಕೆಲಸ ಉಳಿಸೋಕೆ ಮಿಡತೆ ತಂದು ಹಾಕಿದ ಹೆಂಗಸು, ಅದೇ ಕೆಲಸ ಉಳಿಸೋಕೆ ಒಂದು ತಾರೀಕು ತಂದು ಹಾಕಿರಲ್ಲ ಅಂತ ಹೇಗಮ್ಮ ಹೇಳ್ತೀಯ?"

ಅಕ್ಕಯ್ಯಮ್ಮ ಸುಳ್ಳು ಹೇಳುವವರಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಆದರೆ ನನ್ನ ಕಣ್ಣೀರು ಒರೆಸಲು ಅವರು ಸುಳ್ಳು ಹೇಳುವುದಿಲ್ಲ ಎಂದು ಹೇಳಲಾರೆ. ಹುತ್ತೂರಿನ ಡಬ್ಬಿಗಳ ಲೆಕ್ಕ ಪೂರ್ತಿ ಹೋಯಿತು. ಅದರ ಜೊತೆಗೆ ಹೋಲಿಸಬೇಕಾಗಿದ್ದ ಬಲೆಯ ಲೆಕ್ಕ, ಚೌಕಟ್ಟಿನ ಲೆಕ್ಕ, ಓತಿಕ್ಯಾತದ ಎರಡು ಪುಟ, ಎಲ್ಲ ಹೋದವು. ನಾಲ್ಕು ಗೋಮಾಳಗಳ ಹೋಲಿಕೆಯೇ ಕುಂಟಿದ ಮೇಲೆ ಕೆಲಸವೂ ವರ್ಷದ ಕೊನೆಗೆ ನಿಂತಿತು. "ಮುಂದಿನ ಮುಂಗಾರಿಗೆ ಮೊದಲಿಂದ ಶುರು ಮಾಡೋ ಧೈರ್ಯ ಇದ್ರೆ ಬಾ. ಸೀಸೆ ನೀನೇ ಇಟ್ಕೊ" ಎಂದರು.

ಅವರೆಕಾಯಿಯ ಕಾಲ ಬಂತು, ಹಜಾರದಲ್ಲಿ ಕೂತು ಸುಲಿದೆ. ಅವರೆ ಮುಗಿದು ಹುಣಸೆ ಬಂತು, ಹುಣಸೆ ಮುಗಿದು ಮಾವು ಬಂತು. ಧೈರ್ಯ ನನಗೇನೂ ಹೊಸದಾಗಿ ಬರಲಿಲ್ಲ. ಮೊದಲ ಮಳೆಗೆ ಹಿತ್ತಲಿನಲ್ಲಿ ಒಂದು ಆರುದ್ರ ಪುರುಗು ಕಂಡಿತು, ಅಷ್ಟೆ. ಡಬ್ಬಿಗಳನ್ನು ಅಟ್ಟದಿಂದ ಇಳಿಸಿದೆ.

"ಎಲ್ಲಿ ಹೋಗಿದ್ಯೇ ಇಷ್ಟು ದಿನ? ನಾ ತಲ್ಲೀ, ನನ್ನವ್ವಾ!" ಎಂದು ಅಕ್ಕಯ್ಯಮ್ಮ ನನ್ನ ಗದ್ದ ಹಿಡಿದು ಅಲ್ಲಾಡಿಸಿದರು. ರಜಾ ಇತ್ತು ಎಂದೆ. ಆಮೇಲೆ ಹುಣಸೆ ಮರದ ಕೆಳಗೆ ಕೂರಿಸಿ, ಹೇಳಲೇಬೇಕಾದ್ದನ್ನು ಹೇಳಿದೆ. ಈ ಸಲ ಡಬ್ಬಿಗೆ ಏನೂ ಹಾಕಬಾರದು. ಖಾಲಿ ಇದ್ದರೆ ಖಾಲಿ ಎಂದೇ ಬರೆಯಬೇಕು. ಖಾಲಿಯೂ ಒಂದು ಲೆಕ್ಕ.

"ಖಾಲಿ ಹೆಂಗಮ್ಮಾ ಲೆಕ್ಕ ಆಗ್ತದೆ?"

"ಇಲ್ಲಿ ಇವತ್ತು ಯಾರೂ ಓಡಾಡ್ಲಿಲ್ಲ ಅಂತ ಗೊತ್ತಾಗುತ್ತಲ್ಲ. ಅದೂ ತಿಳ್ಕೊಳೋ ವಿಷ್ಯಾನೇ."

"ನಿಮ್ಮೋರು ಬಯ್ಯಲ್ವಾ?"

"ಹಾಕಿದ್ರೇ ಬಯ್ಯೋದು."

ಅವರು ಎದ್ದು ಹೋಗಿ, ಹೊಲದ ಕಡೆ ಹೊರಟಿದ್ದ ಎಮ್ಮೆಯನ್ನು ತಿರುಗಿಸಿಕೊಂಡು ಬಂದರು. ಅರ್ಥವಾಯಿತೋ ಇಲ್ಲವೋ ಹೇಳಲಾರೆ. ಕೊನೆಗೆ "ಆಯ್ತು, ಹಾಕಲ್ಲ" ಎಂದರು. ಅವರಿಂದ ನಾನು ಎಂಥ ಮಾತು ಪಡೆದೆ ಎಂದು ನನಗೆ ತಿಳಿದದ್ದು ಆಮೇಲೆ.

ಒಂದು ಬೆಳಿಗ್ಗೆ ಹೋದಾಗ ಅವರು ಐದನೆಯ ಡಬ್ಬಿಯ ಪಕ್ಕದಲ್ಲೇ ಕೂತಿದ್ದರು. ಜಿಟಿಜಿಟಿ ಮಳೆ, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ. ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದರು. ಹೆಂಚು ಎತ್ತಿದೆ, ಖಾಲಿ. ಆರನೆಯದೂ ಖಾಲಿ. ಏಳನೆಯದೂ. ನಾನು ಪುಸ್ತಕ ತೆಗೆದು ಬರೆದುಕೊಳ್ಳುತ್ತ ಹೋದೆ, ಅವರು ಹಿಂದೆಯೇ ಬಂದರು. ಹನ್ನೆರಡನೆಯದಕ್ಕೆ ಬರುವ ಹೊತ್ತಿಗೆ ಅವರ ಕಣ್ಣು ತುಂಬಿತ್ತು. "ನೋಡು, ಕೈ ಆಚೆಗೇ ತೆಗ್ದಿಲ್ಲ. ದಾರೀಲಿ ಎರಡು ಮಿಡ್ತೆ ಕಾಲಡಿಗೇ ಬಂದಿದ್ವು, ಮುಟ್ಲಿಲ್ಲ. ಬರ್ಕೋ, ಖಾಲಿ ಅಂತ ಬರ್ಕೋ" ಎಂದರು. ಬರೆದುಕೊಂಡೆ. ಅಕ್ಷರ ಕಾಣಿಸದಷ್ಟು ನನ್ನ ಕಣ್ಣೂ ಮಂಜಾಗಿತ್ತು. ಪುಣ್ಯಕ್ಕೆ ಸೊನ್ನೆ ಬರೆಯಲು ಕಣ್ಣು ಬೇಕಾಗಿಲ್ಲ.

ಅವತ್ತು ಬಸ್ಸಿಗೆ ಹೊರಟಾಗ ಅಕ್ಕಯ್ಯಮ್ಮ ನನ್ನ ಕೈಚೀಲಕ್ಕೆ ಕೈ ಹಾಕಿ ತಿಂಡಿಯ ಡಬ್ಬಿಯನ್ನು ಎಳೆದುಕೊಂಡರು. ನಾನು ಬೇಡ ಬೇಡ ಎನ್ನುತ್ತಿರುವಾಗಲೇ ಸೆರಗಿನ ಗಂಟು ಬಿಚ್ಚಿ ಅದರ ತುಂಬ ಹುರಿದ ಕಡಲೆಕಾಯಿ ತುಂಬಿದರು. ಡಬ್ಬಿಗೆ ಏನೂ ಹಾಕಲ್ಲ ಅಂದಿರಲ್ಲ ಎಂದೆ. "ಅದು ಬೇರೆ ಡಬ್ಬಿ, ಇದು ಬೇರೆ ಡಬ್ಬಿ ಕಣೇ. ಇದಕ್ಕೂ ಅಡ್ಡ ಬರ್ತಾರಾ ನಿಮ್ ದೊಡ್ಡೋರು?" ಎಂದು ಮುಚ್ಚಳ ಒತ್ತಿದರು. ಮನೆಗೆ ಬಂದರೆ ಅತ್ತೆ ಕಡಲೆಕಾಯಿ ನೋಡಿ, ಮುಂದಿನ ಸಲ ಅದೇ ಡಬ್ಬಿಯಲ್ಲಿ ಕೋಡುಬಳೆ ಇಟ್ಟು ಕಳಿಸಿದರು. ಅಲ್ಲಿಂದ ಬೆಲ್ಲ ಬಂತು. ಇಲ್ಲಿಂದ ಉಪ್ಪಿನಕಾಯಿ ಹೋಯಿತು. ಆ ವರ್ಷ ಪೂರ್ತಿ ಆ ಡಬ್ಬಿ ಒಂದು ಸಲವೂ ಖಾಲಿ ಓಡಾಡಲಿಲ್ಲ. ಅತ್ತೆಯೂ ಅಕ್ಕಯ್ಯಮ್ಮನೂ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ. ಅದನ್ನು ನಾನು ಯಾವ ಪುಸ್ತಕದಲ್ಲೂ ಬರೆಯಲಿಲ್ಲ.

ನನ್ನ ಪ್ರಬಂಧ ಮುಗಿಯುವ ಹೊತ್ತಿಗೆ ಎಂಬತ್ತರ ದಶಕ ಶುರುವಾಗಿತ್ತು. ಅದರ ಸಾರಾಂಶ ಇಷ್ಟೆ. ಬಲೆ ಹೇಳುವುದು ಒಂದು, ಚೌಕಟ್ಟು ಹೇಳುವುದು ಇನ್ನೊಂದು, ಡಬ್ಬಿ ಹೇಳುವುದು ಮತ್ತೊಂದು. ಯಾವುದೊಂದನ್ನೇ ನಂಬಿದರೆ ಅರ್ಧ ಹುಲ್ಲುಗಾವಲು ಕೈಬಿಟ್ಟುಹೋಗುತ್ತದೆ, ಮೂರನ್ನೂ ಒಟ್ಟಿಗೆ ಇಟ್ಟರೆ ಸುಮಾರಾಗಿ ನಂಬಬಹುದು. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಹುತ್ತೂರಿನ ಪಟ್ಟಿಯ ಮೇಲೆ ಬೆರಳಿಟ್ಟು, "ಇಷ್ಟೊಂದು ಸೊನ್ನೆ ಇದೆಯಲ್ಲಮ್ಮ. ಇವನ್ನ ನಂಬೋದು ಹೇಗೆ?" ಎಂದರು. ನಮ್ಮ ಪ್ರೊಫೆಸರ್ ಕಿಟಕಿಯ ಆಚೆ ಏನೋ ನೋಡತೊಡಗಿದರು.

"ಸಾರ್, ಈ ಪುಸ್ತಕದ ಮಿಕ್ಕೆಲ್ಲ ಅಂಕಿಗಳ ಬಗ್ಗೆ ನನಗೆ ಅಷ್ಟಿಷ್ಟು ಅನುಮಾನ ಇದೆ. ಸೊನ್ನೆಗಳ ಬಗ್ಗೆ ಮಾತ್ರ ಇಲ್ಲ" ಎಂದೆ.

ಕಾರಣ ಕೇಳಿದರು. ತಾಂತ್ರಿಕವಾಗಿ ಏನೋ ಹೇಳಿದೆ, ಅವರು ತಲೆದೂಗಿದರು, ಪಾಸಾಯಿತು. ನಿಜವಾದ ಕಾರಣವನ್ನು ಇವತ್ತು ನಿಮಗೆ ಹೇಳುತ್ತಿದ್ದೇನೆ. ಆ ಪಟ್ಟಿಯನ್ನು ಈಗಲೂ ಆಗಾಗ ತೆರೆದು ನೋಡುತ್ತೇನೆ. ಸೀಸೆ ಪಕ್ಕದಲ್ಲೇ ಇದೆ, ಹುಳುಗಳು ಹಳದಿಗಟ್ಟಿವೆ. ಮೂರು, ಏಳು, ಹನ್ನೊಂದು ಎಂಬ ಅಂಕಿಗಳಲ್ಲಿ ಯಾರಿದ್ದರು, ಯಾವ ಇರುವೆ, ಯಾವ ಜೀರುಂಡೆ, ಎಲ್ಲ ಮರೆತುಹೋಗಿದೆ. ಸೊನ್ನೆ ಬಂದ ಕಡೆ ಮಾತ್ರ ಬೆರಳು ನಿಲ್ಲುತ್ತದೆ. ಅಲ್ಲಿ ಅಕ್ಕಯ್ಯಮ್ಮ ಗೋಣಿಯ ಕೊಪ್ಪೆ ಹಾಕಿಕೊಂಡು, ಎರಡು ಕೈಯನ್ನೂ ಕಂಕುಳಲ್ಲಿ ಬಿಗಿಹಿಡಿದು, ನನಗೋಸ್ಕರ ಏನೂ ಕೊಡದೆ ಕೂತಿದ್ದಾರೆ.